ಹೋಯ್ತು ಮೇಡಂ ಕಾರಿನ ಹಿಂದಿನ ಸೀಟು

ಮೊನ್ನೆ ಮಗಳು ನಡುರಸ್ತೆಯಿಂದ ಫೋನ್ ಮಾಡಿದಳು. "ಅಮ್ಮಾ, ಕಾರಲ್ಲಿ ಏನೋ ಹಳದಿ ದೀಪ ಹತ್ಕೊಂಡಿದೆ. ಕಂಪನಿಯವರಿಗೆ ಹೇಳಿದೀನಿ, ಬರ್ತಾರಂತೆ. ಎಸಿ ಹಾಕ್ಕೊಂಡು ಒಳಗೇ ಕೂತಿದೀನಿ."

"ಬಾನೆಟ್ ಎತ್ತಿ ನೋಡಿದ್ಯಾ?"

"ಎತ್ತಿ ಏನ್ ನೋಡ್ಲಿ? ಒಳಗೆಲ್ಲ ಪ್ಲಾಸ್ಟಿಕ್ ಮುಚ್ಚಳ," ಎಂದು ನಕ್ಕಳು.

ನನಗೆ ಮೈಯೆಲ್ಲ ಉರಿಯಿತು. ನನ್ನ ಕೋಪ ಮೂಗಿನ ತುದಿಯಲ್ಲೇ ಇರುವುದು ಮನೆಯವರಿಗೆಲ್ಲ ಗೊತ್ತು. ನಾನು ಬಾಯಿ ತೆರೆಯುವಷ್ಟರಲ್ಲಿ ಅವಳು ಫೋನ್ ಇಟ್ಟುಬಿಟ್ಟಳು. ಈಗಿನ ಕಾರುಗಳ ಮೇಲೆ ನನಗೆ ದ್ವೇಷವೇನೂ ಇಲ್ಲ. ಆದರೆ ಕಾರೆಂದರೆ ಮಾತಾಡುವ ಪ್ರಾಣಿ ಎಂದುಕೊಂಡು ಬೆಳೆದವಳು ನಾನು. ಅದು ಕೆಮ್ಮುತ್ತಿತ್ತು, ನರಳುತ್ತಿತ್ತು, ಮುನಿಸಿಕೊಂಡು ನಿಂತುಬಿಡುತ್ತಿತ್ತು. ಕೇಳಿಸಿಕೊಳ್ಳುವವರಿದ್ದರೆ ಎಲ್ಲಿ ನೋವೆಂದು ತಾನೇ ಹೇಳುತ್ತಿತ್ತು. ಹಾಗೆ ಕೇಳಿಸಿಕೊಳ್ಳುವುದನ್ನು ನನಗೆ ಕಲಿಸಿದವಳು ನನ್ನ ಚಿಕ್ಕಮ್ಮ, ಅಮ್ಮನ ಸ್ವಂತ ತಂಗಿ. ಊರಿನವರ ಬಾಯಲ್ಲಿ ಅವಳು 'ಹೋಯ್ತು ಮೇಡಂ'.

ನಮ್ಮೂರಲ್ಲಿ ಕಾಲೇಜಿರಲಿಲ್ಲವಾದ್ದರಿಂದ ಓದುವಷ್ಟು ಕಾಲ ನಾನು ಚಿಕ್ಕಮ್ಮನ ಮನೆಯಲ್ಲಿದ್ದೆ. ಮನೆಯ ಮುಂದೆ ರಸ್ತೆಗೆ ಬಾಗಿಲಿದ್ದ ಎರಡು ಕೋಣೆಗಳು. ಎಡಗಡೆಯದು ಅವಳ ಡ್ರೈವಿಂಗ್ ಸ್ಕೂಲ್. ಗೋಡೆಯ ಮೇಲೆ ರಸ್ತೆ ಚಿಹ್ನೆಗಳ ಬಣ್ಣ ಮಾಸಿದ ಪಟ, ಒಂದು ಮೇಜು, ಗುಜರಿಯಿಂದ ತಂದ ಸ್ಟೀರಿಂಗನ್ನು ಕೂರಿಸಿದ ಮರದ ಸ್ಟ್ಯಾಂಡು, ಅದರ ಕೆಳಗೆ ಕ್ಲಚ್, ಬ್ರೇಕ್, ಆಕ್ಸಿಲರೇಟರ್ ಎಂದು ಮೂರು ಹಲಗೆ ತುಂಡು. ಬಲಗಡೆಯದು ಚಿಕ್ಕಪ್ಪನ ಸೈಕಲ್ ರಿಪೇರಿ ಅಂಗಡಿ. ಪಂಕ್ಚರ್ ನೋಡಲು ನೀರು ತುಂಬಿಟ್ಟ ಕಬ್ಬಿಣದ ಬಾಣಲೆ, ಮೊಳೆಗಳಿಗೆ ತೂಗುಹಾಕಿದ ಟ್ಯೂಬುಗಳು, ಇಡೀ ಕೋಣೆಗೆ ಗ್ರೀಸಿನ ವಾಸನೆ. ಎರಡರ ನಡುವಿನ ಗೋಡೆಯಲ್ಲಿ ಒಂದು ಚಿಕ್ಕ ಕಿಟಕಿ. ಟೀ ಲೋಟ, ಸ್ಪ್ಯಾನರ್, ಬೈಗುಳ ಎಲ್ಲವೂ ಆ ಕಿಟಕಿಯಲ್ಲೇ ಓಡಾಡುತ್ತಿದ್ದವು.

ಕಾರು ನಿಲ್ಲುತ್ತಿದ್ದುದು ಪಕ್ಕದ ಓಣಿಯಲ್ಲಿ. ಹಾಲಿನ ಕೆನೆ ಬಣ್ಣದ ಹಳೆಯ ಕಾರು. ಬಿಸಿಲಿಗೆ ರೆಕ್ಸಿನ್ ಸೀಟು ಕಾದರೆ ಕೂರುವಾಗ 'ಅಯ್ಯಯ್ಯೋ' ಎನ್ನಬೇಕಿತ್ತು. ಹಾರ್ನ್ ಒತ್ತಿದರೆ ನೆಗಡಿಯಾದವರು ಸೀನಿದಂಥ ಶಬ್ದ. ಚಿಕ್ಕಪ್ಪ ದಿನಾ ಬೆಳಿಗ್ಗೆ ಹಲ್ಲುಜ್ಜುವುದಕ್ಕಿಂತ ಮೊದಲು ಅದರ ಎಣ್ಣೆ, ನೀರು, ಬ್ರೇಕ್ ಆಯಿಲ್ ನೋಡುತ್ತಿದ್ದರು. ಅಡಿಯಲ್ಲಿ ಮಲಗಿ ಬೋಲ್ಟು ಬಿಗಿ ಮಾಡುತ್ತಿದ್ದರು, ಒರೆಸುತ್ತಿದ್ದರು. ಆದರೆ ಓಣಿಯಿಂದ ಅದನ್ನು ಒಂದು ಮಾರು ಹಿಂದೆ ತೆಗೆಯಬೇಕೆಂದರೂ ಕಿಟಕಿಯಲ್ಲಿ ತಲೆ ಹಾಕಿ, "ಏನೇ, ಸ್ವಲ್ಪ ಗಾಡಿ ತೆಗೀತೀಯಾ?" ಎಂದು ಹೆಂಡತಿಯನ್ನು ಕರೆಯುತ್ತಿದ್ದರು.

'ಹೋಯ್ತು ಮೇಡಂ' ಎಂಬ ಹೆಸರು ಬಂದದ್ದು ಅವಳು ಪಾಠ ಮಾಡುವ ರೀತಿಯಿಂದ. ಬೇರೆಯವರು ಗೇರು, ಕ್ಲಚ್ಚು, ಹಿಂದೆ ತೆಗೆಯುವುದು ಇಷ್ಟು ಕಲಿಸಿ ಲೈಸೆನ್ಸ್ ಕೊಡಿಸಿ ಕಳಿಸುತ್ತಿದ್ದರು. ಚಿಕ್ಕಮ್ಮನಿಗೆ ಅದು ಅರ್ಧ ಪಾಠ. "ಎಲ್ಲಾ ಸರಿಯಾಗಿದ್ದಾಗ ಗಾಡಿ ತಾನೇ ಹೋಗುತ್ತೆ, ಅದಕ್ಕೆ ನೀವ್ಯಾಕ್ರೀ ಬೇಕು?" ಎನ್ನುತ್ತಿದ್ದಳು. ಊರಾಚೆಯ ಖಾಲಿ ಮೈದಾನದಲ್ಲಿ ಕಲಿಯುವವರು ಹದವಾಗಿ ಓಡಿಸುತ್ತಿರುವಾಗ ಇದ್ದಕ್ಕಿದ್ದಂತೆ ಕೂಗುವಳು: "ಟೈರ್ ಹೋಯ್ತು!" ಆಗ ಬ್ರೇಕ್ ಮುಟ್ಟಬಾರದು. ಸ್ಟೀರಿಂಗ್ ಬಿಗಿಯಾಗಿ ಹಿಡಿದು, ಆಕ್ಸಿಲರೇಟರಿನಿಂದ ಕಾಲು ತೆಗೆದು, ಗಾಡಿ ತಾನಾಗಿ ನಿಧಾನವಾಗಲು ಬಿಡಬೇಕು. "ಆಕ್ಸಿಲರೇಟರ್ ಸಿಕ್ಕಿಹಾಕ್ಕೊಳ್ತು!" ಎಂದರೆ ಕ್ಲಚ್ ತುಳಿದು ನ್ಯೂಟ್ರಲ್‌ಗೆ ತರಬೇಕು, ಗಾಬರಿಯಲ್ಲಿ ಕೀಲಿ ಕಿತ್ತರೆ ಸ್ಟೀರಿಂಗ್ ಬಿಗಿದುಕೊಂಡು ಇನ್ನೊಂದು ಅನಾಹುತ. "ಬಾನೆಟ್ ಹೋಯ್ತು!" ಎಂದರೆ, ಅದು ಮೇಲೆದ್ದು ಗಾಜು ಮುಚ್ಚಿತು ಎಂದರ್ಥ, ಆಗ ಮಾತ್ರ ನಾಟಕ ಜೋರು. ಸೀಟಿನಡಿಯಿಂದ ಅಗಲವಾದ ರಟ್ಟು ತೆಗೆದು ಓಡಿಸುವವರ ಮುಂದಿನ ಗಾಜಿಗೆ ಅಡ್ಡ ಹಿಡಿದುಬಿಡುತ್ತಿದ್ದಳು. ಕೆಳಗಿನ ಸಂದಿಯಿಂದ ಅಥವಾ ಕಿಟಕಿಯಿಂದ ತಲೆ ಹೊರಗೆ ಹಾಕಿ ದಾರಿ ನೋಡಿಕೊಂಡು ಪಕ್ಕಕ್ಕೆ ನಿಲ್ಲಿಸಬೇಕು.

ಒಮ್ಮೆ ನಿವೃತ್ತ ಹೆಡ್‌ಮಾಸ್ತರರೊಬ್ಬರು ಕಲಿಯಲು ಬಂದಿದ್ದರು. ಅವಳು ರಟ್ಟು ಹಿಡಿದ ಕೂಡಲೇ ಅವರು ಸ್ಟೀರಿಂಗ್ ಬಿಟ್ಟು ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡರು. ಚಿಕ್ಕಮ್ಮ ತನ್ನ ಕಾಲ ಬಳಿಯ ಬ್ರೇಕ್ ತುಳಿದು ಗಾಡಿ ನಿಲ್ಲಿಸಿ, "ಸಾರ್, ಕಣ್ಣು ನೀವ್ಯಾಕ್ ಮುಚ್ಚಿದ್ರಿ? ಮುಚ್ಚೋಕೆ ನಾನೊಬ್ಬಳು ಇದೀನಲ್ಲ!" ಎಂದಳು. ಹಿಂದೆ ಕೂತಿದ್ದ ನಾನು ನಕ್ಕು ನಕ್ಕು ಸೀಟಿನಿಂದ ಜಾರಿಬಿದ್ದೆ. ಹೆಡ್‌ಮಾಸ್ತರರು ಮಾರನೇ ದಿನ ಬರುವುದಿಲ್ಲವೆಂದುಕೊಂಡಿದ್ದೆವು. ಎಲ್ಲರಿಗಿಂತ ಮೊದಲು ಬಂದು ಕೂತಿದ್ದರು.

ಕಲಿಸುವ ಕಾರಾದ್ದರಿಂದ ಚಿಕ್ಕಮ್ಮನ ಕಾಲ ಬಳಿಯೂ ಒಂದು ಬ್ರೇಕ್ ಪೆಡಲ್ ಇತ್ತು. ಓಡಿಸುವವರ ಪೆಡಲಿಗೇ ಸಲಾಕೆಯಿಂದ ಜೋಡಿಸಿದ್ದು. "ಬ್ರೇಕ್ ಹೋಯ್ತು!" ಎಂದು ಕೂಗಿದಾಗ ಮಾತ್ರ ಅವಳು ಎರಡೂ ಕಾಲನ್ನು ಮೇಲಕ್ಕೆತ್ತಿ ಸೀಟಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂತುಬಿಡುತ್ತಿದ್ದಳು. ಊಟಕ್ಕೆ ಕೂತವಳ ಹಾಗೆ. ನನ್ನಿಂದ ಇನ್ನು ಯಾವ ಸಹಾಯವೂ ಇಲ್ಲ, ನಿನ್ನ ಗಾಡಿ ನಿನ್ನ ಪಾಡು ಎಂದು ಅದರರ್ಥ. ಆಗ ಗೇರು ಒಂದೊಂದೇ ಇಳಿಸಿ, ಹ್ಯಾಂಡ್‌ಬ್ರೇಕ್ ಮೆಲ್ಲಗೆ ಎಳೆದು ಎಳೆದು ಬಿಟ್ಟು ಗಾಡಿ ನಿಲ್ಲಿಸಬೇಕು. ಚೆನ್ನಾಗಿ ಕಲಿತವರಿಗೆ ಇನ್ನೊಂದು ಪದ್ಧತಿಯಿತ್ತು. ಅವಳು ಕೂಗುವುದಕ್ಕೆ ಕಾಯದೆ, ರಸ್ತೆ ಖಾಲಿಯಿರುವುದನ್ನು ನೋಡಿ, ಅವರೇ "ಮೇಡಂ, ಬ್ರೇಕ್ ಹೋಯ್ತು!" ಎಂದು ಕೂಗಿ ಮಾಡಿ ತೋರಿಸುವುದು. ಅದನ್ನು ಕೇಳಿದರೆ ಚಿಕ್ಕಮ್ಮನಿಗೆ ಹಿಗ್ಗೋ ಹಿಗ್ಗು. ಕಾಲು ಮಡಚಿ ಕೂರುವಾಗ ಅವಳ ಮುಖದಲ್ಲಿ ಕಾಣುತ್ತಿದ್ದ ಆ ಖುಷಿ ಇವತ್ತಿಗೂ ನನ್ನ ಕಣ್ಣ ಮುಂದಿದೆ.

ಇದೆಲ್ಲ ಹುಚ್ಚಾಟ ಎನ್ನುವವರು ಬೇಕಾದಷ್ಟು ಜನ. ಆದರೆ ಟೈಲರ್ ಅಂಗಡಿಯವರು ಒಂದು ದಿನ ಹೆಂಡತಿ ಮಕ್ಕಳನ್ನೆಲ್ಲ ಕರೆದುಕೊಂಡು ಬಂದು ಬಾಗಿಲಲ್ಲಿ ನಿಂತರು. "ದೊಡ್ಡ ರಸ್ತೆಯಲ್ಲಿ ಟೈರ್ ಒಡೀತು ಮೇಡಂ. ಕಾಲು ಬ್ರೇಕ್ ಮೇಲೆ ಹೋಗ್ತಿತ್ತು, ಅಷ್ಟರಲ್ಲಿ ನಿಮ್ಮ ದನಿ ಕೇಳಿಸ್ತು, ಬೈದ ಹಾಗೆ. ಇವರೆಲ್ಲ ಇದಾರಲ್ಲ, ಅದಕ್ಕೇ ಇದಾರೆ," ಎಂದರು. ಚಿಕ್ಕಮ್ಮ ಒಳಗೆ ಹೋಗಿ ಮಕ್ಕಳಿಗೆ ಬಿಸ್ಕತ್ತು ತಂದಳು.

ಚಿಕ್ಕಪ್ಪ ಕಾರಿನಲ್ಲಿ ಕೂರುವುದಿತ್ತು, ಆದರೆ ಹಿಂದಿನ ಸೀಟಿನಲ್ಲಿ ಮಾತ್ರ, ಅದೂ ನಟ್ಟನಡುವೆ. ಅಕ್ಕಪಕ್ಕ ಇಡೀ ಸೀಟು ಖಾಲಿಯಿದ್ದರೂ ಎರಡು ಮೊಣಕಾಲಿನ ನಡುವೆ ಕೈ ಸೇರಿಸಿಕೊಂಡು ಮಧ್ಯದ ದಿಂಡಿನ ಮೇಲೆ ಕೂರುತ್ತಿದ್ದರು. ಬಂದ ಹೊಸದರಲ್ಲಿ ನಾನು, "ಕಿಟಕಿ ಹತ್ರ ಬನ್ನಿ ಚಿಕ್ಕಪ್ಪ, ಗಾಳಿ ಬರುತ್ತೆ," ಎಂದೆ. "ಇಲ್ಲೇ ಚೆನ್ನಾಗಿದೆ ಪುಟ್ಟಿ," ಎಂದರು. ಚಿಕ್ಕಮ್ಮ ಕನ್ನಡಿಯಲ್ಲಿ ನನ್ನನ್ನು ನೋಡಿದ ನೋಟಕ್ಕೆ ನನ್ನ ಬಾಯಿಗೆ ಬೀಗ ಬಿತ್ತು.

ರಜೆಗೆ ಊರಿಗೆ ಹೋದಾಗ ಅಮ್ಮನಿಗೆ ಕೇಳಿದೆ. ಅಮ್ಮ ಬಾಗಿಲು ಹಾಕಿ ಬಂದು ಹೇಳಿದಳು.

ಚಿಕ್ಕಪ್ಪ ಮೊದಲು ಟ್ಯಾಕ್ಸಿ ಡ್ರೈವರ್. ಒಳ್ಳೆಯ ಡ್ರೈವರ್, ಊರೇ ಹೊಗಳುತ್ತಿದ್ದ ಕೈ. ಮದುವೆಯಾದ ಹೊಸತು. ಬಾಡಿಗೆ ಇಲ್ಲದ ಒಂದು ದಿನ ಮಾಲೀಕರನ್ನು ಕೇಳಿಕೊಂಡು, ಹೆಂಡತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಗುಡ್ಡದ ಮೇಲಿನ ಕೆರೆ ತೋರಿಸಲು ಹೋಗಿದ್ದರು. ಇಳಿಯುವಾಗ ಬ್ರೇಕ್ ಕೈಕೊಟ್ಟಿತು. ಒಂದು ಸಲ ತುಳಿದರು, ಎರಡು ಸಲ ತುಳಿದರು. "ಹೋಯ್ತು!" ಎಂದರು. ಬಾಗಿಲು ತೆಗೆದರು, ಹಾರಿಬಿಟ್ಟರು.

"ಚಿಕ್ಕಮ್ಮ?"

"ಅವಳು ಒಳಗೇ."

ಸ್ಟೀರಿಂಗ್ ಎಂಬುದನ್ನು ಅವಳು ಅಲ್ಲಿಯತನಕ ಮುಟ್ಟಿಯೇ ಇರಲಿಲ್ಲ. ಪಕ್ಕದ ಸೀಟು ಖಾಲಿ, ಬಾಗಿಲು ಹಾರುಹೊಡೆದುಕೊಂಡು ಬಡಿದುಕೊಳ್ಳುತ್ತಿದೆ, ಗಾಡಿ ಇಳಿಯುತ್ತಿದೆ. ಕೈಚಾಚಿ ಸ್ಟೀರಿಂಗ್ ಹಿಡಿದು ಹೇಗೋ ತಿರುಗಿಸಿ ಇಟ್ಟಿಗೆ ಭಟ್ಟಿಯ ಮುಂದಿದ್ದ ಮರಳಿನ ರಾಶಿಗೆ ನುಗ್ಗಿಸಿದಳು. ಹೆಗಲ ಮೂಳೆ ಮುರಿಯಿತು, ಜೀವ ಉಳಿಯಿತು. ಚಿಕ್ಕಪ್ಪನ ಮೊಣಕೈ ಮುರಿದಿತ್ತು. ಮುರಿದ ಕೈ ಜೋತಾಡಿಸಿಕೊಂಡೇ ಅವರು ಇಡೀ ಇಳಿಜಾರನ್ನು ಕಾರಿನ ಹಿಂದೆ ಓಡಿ ಬಂದಿದ್ದರು. ಆಮೇಲೆ ಅವರು ಸ್ಟೀರಿಂಗ್ ಮುಟ್ಟಲಿಲ್ಲ, ಸೈಕಲ್ ಅಂಗಡಿ ಹಾಕಿಕೊಂಡರು. ಚಿಕ್ಕಮ್ಮ ಹೆಗಲಿನ ಕಟ್ಟು ಬಿಚ್ಚಿದ ದಿನವೇ, "ನಾನು ಡ್ರೈವಿಂಗ್ ಕಲೀತೀನಿ," ಎಂದಳಂತೆ. ಆ ದಿನದ ಬಗ್ಗೆ ಗಂಡನಿಗೆ ಒಂದೇ ಒಂದು ಮಾತೂ ಆಡಲಿಲ್ಲವಂತೆ. ಬೈಯಲಿಲ್ಲ, ಅಳಲಿಲ್ಲ, ಯಾಕೆ ಎಂದು ಕೇಳಲಿಲ್ಲ. ಅಷ್ಟು ವರ್ಷ.

ಕೇಳಿದಾಗ ನನಗೆ ಚಿಕ್ಕಪ್ಪನ ಮೇಲೆ ಸಿಟ್ಟು ಉಕ್ಕಿ ಬಂತು. ನಾನಾಗಿದ್ದರೆ ಆ ಗಂಡಸಿನ ಮುಖ ನೋಡುತ್ತಿರಲಿಲ್ಲ ಎಂದೆ. ಅಮ್ಮ, "ನೀನು ಬಿಡಮ್ಮ, ಹುಟ್ಟಿದ್ದೇ ಮೆಣಸಿನಕಾಯಿ," ಎಂದಳು. ವಾಪಸು ಹೋದ ದಿನ ಚಿಕ್ಕಪ್ಪ ಬಸ್‌ಸ್ಟ್ಯಾಂಡಿಗೆ ಬಂದು, ನನ್ನ ಟ್ರಂಕನ್ನು ಸೈಕಲ್ಲಿನ ಹಿಂದೆ ಕಟ್ಟಿ, ತಾವು ತಳ್ಳಿಕೊಂಡು ನಡೆದರು. ದಾರಿಯುದ್ದಕ್ಕೂ ಪರೀಕ್ಷೆ ಹೇಗಾಯ್ತು, ಅಮ್ಮನ ಮೊಣಕಾಲು ಹೇಗಿದೆ ಎಂದು ವಿಚಾರಿಸಿದರು. ಮನೆ ಬರುವಷ್ಟರಲ್ಲಿ ನನ್ನ ಸಿಟ್ಟಿಗೆ ನಿಲ್ಲಲು ಕಾಲೇ ಇರಲಿಲ್ಲ.

ನೆಂಟರೆಲ್ಲ ನನ್ನ ಹಾಗಿರಲಿಲ್ಲ. ದೊಡ್ಡ ಮಾವ, ಎಂದರೆ ಅಮ್ಮನ ಅಣ್ಣ, ಮನೆಗೆ ಬಂದಾಗಲೆಲ್ಲ ಗಾಯಕ್ಕೆ ಉಪ್ಪು ಸವರದೆ ಹೋಗುವವರಲ್ಲ. ಒಮ್ಮೆ ಎಲ್ಲರೂ ಊಟಕ್ಕೆ ಕೂತಿದ್ದಾಗ, "ಭಾವ, ಬಾಗಿಲ ಹತ್ರ ಕೂತ್ಕೊಳ್ಳಿ, ನಿಮಗೆ ಅನುಕೂಲ," ಎಂದು ತಾವೇ ನಕ್ಕರು. ಚಿಕ್ಕಪ್ಪ ತಲೆ ತಗ್ಗಿಸಿ ಅನ್ನ ಕಲಸುತ್ತಲೇ ಇದ್ದರು, ಬಾಯಿಗಿಡಲಿಲ್ಲ. ಚಿಕ್ಕಮ್ಮ ಸೌಟು ಹಿಡಿದು ನಿಂತಿದ್ದವಳು ಬಗ್ಗಿ ಅಣ್ಣನ ತಟ್ಟೆ ಎತ್ತಿಕೊಂಡಳು. "ಊಟ ಆಯ್ತಲ್ಲ ಅಣ್ಣ, ಕೈ ತೊಳ್ಕೋ."

"ಇನ್ನೂ ಈಗ ಕೂತಿದೀನಲ್ಲೇ!"

"ಇಲ್ಲ, ನಿಂದು ಆಯ್ತು."

ಮಾವ ಎದ್ದು ಹೋದರು. ಆಮೇಲೆ ಆ ಮನೆಗೆ ಬರುವುದನ್ನೂ ಕಡಿಮೆ ಮಾಡಿದರು, ಹೋದರೆ ಹೋಗಲಿ.

ಆ ಸಂಜೆ ಅವಳು ಪಾತ್ರೆ ತೊಳೆಯುತ್ತಿದ್ದಳು, ನಾನು ಒರೆಸುತ್ತಿದ್ದೆ. ತಡೆಯಲಾರದೆ ಕೇಳಿಯೇಬಿಟ್ಟೆ. "ಚಿಕ್ಕಮ್ಮ, ಅವತ್ತು ಯಾಕೆ ಹಾಗ್ ಮಾಡಿದ್ರಿ ಅಂತ ನೀನು ಚಿಕ್ಕಪ್ಪನ್ನ ಒಂದ್ಸಲಾನೂ ಕೇಳ್ಲಿಲ್ವಾ?"

ಅವಳು ನಲ್ಲಿ ನಿಲ್ಲಿಸಲಿಲ್ಲ. "ಕೇಳಿದ್ರೆ ಅವರು ಉತ್ತರ ಹೇಳ್ಬೇಕಲ್ಲ. ಏನಂತ ಹೇಳ್ತಾರೆ ಪಾಪ? ಮಾತು ಆಡಿದ್ರೆ ಹೋಯ್ತು, ಮುತ್ತು ಒಡೆದ್ರೆ ಹೋಯ್ತು. ನಾನು ಕೇಳ್ದೆ ಇದ್ರೆ ಅವರ ಮರ್ಯಾದೆ ಅವರ ಹತ್ರ ಇರುತ್ತೆ."

"ನಿಂಗೆ ಕೇಳ್ಬೇಕು ಅನ್ಸಲ್ವಾ?"

"ದಿನಾ ಅನ್ಸುತ್ತೆ," ಎಂದಳು. ಆಮೇಲೆ ಲೋಟ ನನ್ನ ಕೈಗಿಟ್ಟು, "ಒರೆಸು, ಬಾಯಿ ಸಾಕು," ಎಂದಳು.

ಅವರಿಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಪ್ರೀತಿಯಿತ್ತು, ಅದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಅವಳಿಗೆ ಜ್ವರ ಬಂದರೆ ಇವರು ಅಂಗಡಿ ತೆಗೆಯುತ್ತಿರಲಿಲ್ಲ. ಇವರಿಗೆ ಕೆಮ್ಮು ಬಂದರೆ ಅವಳು ಇಡೀ ಓಣಿಗೆ ಕೇಳುವಂತೆ ಬೈಯುತ್ತ ಕಷಾಯ ಕಾಯಿಸುತ್ತಿದ್ದಳು. ಆದರೂ ಒಟ್ಟಿಗೆ ಕೂತಾಗ ಇಬ್ಬರ ನಡುವೆ ಮೂರನೆಯವರು ಯಾರೋ ಕೂತ ಹಾಗಿರುತ್ತಿತ್ತು. ಮಾತು ಆ ದಿನದ ಹತ್ತಿರ ಹೋದೀತೆಂದು ಇಬ್ಬರೂ ಸುತ್ತಿ ಬಳಸಿ ಆಡುತ್ತಿದ್ದರು. ಗುಡ್ಡ ಎನ್ನುತ್ತಿರಲಿಲ್ಲ, ಕೆರೆ ಎನ್ನುತ್ತಿರಲಿಲ್ಲ. ಆ ಮನೆಯಲ್ಲಿ ಮರಳು ಎಂಬ ಮಾತೂ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಈ ಮುದುಕರಾಗುತ್ತಿರುವ ಗಂಡ ಹೆಂಡತಿ ಹೀಗೇ ಒಂದು ದಿನ ಹೋಗಿಬಿಡುತ್ತಾರೆ, ಆ ಒಂದು ಪ್ರಶ್ನೆ ಹಾಗೇ ಉಳಿದುಬಿಡುತ್ತದೆ ಎಂದು ನನಗೆ ಸಂಕಟವಾಗುತ್ತಿತ್ತು.

ನಾನು ಕಾರು ಕಲಿತು ಮುಗಿಸುವ ಹೊತ್ತಿಗೆ ಚಿಕ್ಕಪ್ಪನಿಗೆ ಹತ್ತಿರದ್ದೂ ದೂರದ್ದೂ ಸರಿಯಾಗಿ ಕಾಣಿಸುತ್ತಿರಲಿಲ್ಲ. ಟ್ಯೂಬಿನ ತೂತಿಗೆ ಬದಲು ತಮ್ಮ ಬೆರಳಿಗೇ ಗೋಂದು ಹಚ್ಚಿಕೊಂಡರು. ಚಿಕ್ಕಮ್ಮ ಬೈದು ಕನ್ನಡಕಕ್ಕೆ ಅಳತೆ ಕೊಡಿಸಿದ್ದಳು. ತರಲು ಒಂದು ಭಾನುವಾರ ಮಧ್ಯಾಹ್ನ ಮೂವರೂ ಹೊರಟೆವು. ಓಡಿಸುವವಳು ನಾನು, ಪಕ್ಕದಲ್ಲಿ ಚಿಕ್ಕಮ್ಮ, ಹಿಂದೆ ನಡುವೆ ಚಿಕ್ಕಪ್ಪ.

ವಾಪಸು ಬರುವಾಗ ಅವರ ಸಂಭ್ರಮ ನೋಡಬೇಕಿತ್ತು. ಹೊಸ ಕನ್ನಡಕ ಹಾಕಿಕೊಂಡು ದಾರಿಯ ಬೋರ್ಡುಗಳನ್ನೆಲ್ಲ ಶಾಲೆಯ ಹುಡುಗರ ಹಾಗೆ ಗಟ್ಟಿಯಾಗಿ ಓದುತ್ತಿದ್ದರು. "ಇಲ್ಲಿ ಜೆರಾಕ್ಸ್ ಮಾಡಲಾಗುವುದು... ಬಾಗಿಲು ತಳ್ಳಿರಿ... ಜಾಹೀರಾತು ಅಂಟಿಸಬಾರದು..."

"ರೀ, ಸಾಕು ಮಾಡ್ರೀ, ತಲೆ ಚಿಟ್ಟು ಹಿಡೀತು!" ಎಂದಳು ಚಿಕ್ಕಮ್ಮ.

"ದುಡ್ಡು ಕೊಟ್ಟಿಲ್ವೇನೇ? ಓದ್ತೀನಿ. ಕಾರ್ಖಾನೆಗೆ ಕಾವಲುಗಾರರು ಬೇಕಾಗಿದ್ದಾರೆ..."

ಕಾರ್ಖಾನೆಯ ಇಳಿಜಾರು ಶುರುವಾಗಿತ್ತು. ಎಡಗಡೆ ಮುಚ್ಚಿದ ಕಾರ್ಖಾನೆಯ ಉದ್ದನೆಯ ಗೋಡೆ, ಬಲಗಡೆ ಮನೆಗಳ ಸಾಲು, ತಳದಲ್ಲಿ ನಾಲ್ಕು ರಸ್ತೆ ಕೂಡುವ ಜಾಗ. ಇಳಿಜಾರು ಖಾಲಿಯಿತ್ತು, ಆದರೆ ಕೆಳಗಿನ ಸಂತೆಯಲ್ಲಿ ಜನ ಗಿಜಿಗುಟ್ಟುತ್ತಿದ್ದುದು ಮೇಲಿನಿಂದಲೇ ಕಾಣುತ್ತಿತ್ತು. ನಿಧಾನ ಮಾಡೋಣವೆಂದು ಬ್ರೇಕ್ ಒತ್ತಿದೆ. ಪೆಡಲ್ ಮೆತ್ತಗೆ ಒಳಗೆ ಹೋಯಿತು. ಮತ್ತೆ ಒತ್ತಿದೆ. ನೆಲಕ್ಕೇ ತಾಗಿತು, ಟಕ್ ಎಂದಿತು. ಗಾಡಿಗೆ ಏನೂ ಅನಿಸಲೇ ಇಲ್ಲ.

ಹಿಂದೆ ಬೋರ್ಡು ಓದುವ ದನಿ ನಿಂತುಹೋಯಿತು.

"ಚಿಕ್ಕಮ್ಮಾ, ಬ್ರೇಕ್ ಹೋಯ್ತು!" ಎಂದು ಚೀರಿದೆ.

ಚಿಕ್ಕಮ್ಮ ಮುಖ ಅರಳಿಸಿ, ಸೀರೆಯ ನೆರಿಗೆ ಸರಿಮಾಡಿಕೊಂಡು, ಎರಡೂ ಕಾಲು ಮೇಲೆತ್ತಿ ಚಕ್ಕಂಬಕ್ಕಳ ಹಾಕಿ ಕೂತಳು. "ಭೇಷ್! ನೀನಾಗೇ ಕೂಗ್ತೀಯ ಅಂತ ಇವತ್ತಿಗೆ ಕಾಯ್ತಿದ್ದೆ. ಹೂಂ, ನಡಿ."

"ಅಲ್ಲ ಚಿಕ್ಕಮ್ಮ, ನಿಜವಾಗ್ಲೂ ಹೋಯ್ತು!"

"ಹಾಗೇ! ನಿಜವಾಗ್ಲೂ ಹೋಗಿದೆ ಅಂತಲೇ ಮಾಡ್ಬೇಕು. ಅರ್ಧಂಬರ್ಧ ನಾಟಕ ನಂಗಾಗಲ್ಲ."

ಹುಲಿ ಬಂತು ಹುಲಿ ಎಂದು ದಿನಾ ಕೂಗಿದ ಮನೆಗೆ ಹುಲಿಯೇ ಬಂದು ನಿಂತಾಗ ಏನು ಹೇಳಬೇಕು? ಕಲಿತದ್ದೆಲ್ಲ ತಲೆಯಿಂದ ಸೋರಿಹೋದಂತಾಯಿತು. ಅಷ್ಟರಲ್ಲಿ ನನ್ನ ಕಿವಿಯ ಹಿಂದೆಯೇ ಒಂದು ದನಿ ಕೇಳಿಸಿತು. ಚಿಕ್ಕಪ್ಪ ಸೀಟಿನ ತುದಿಗೆ ಬಂದು ಮುಂದಕ್ಕೆ ಬಾಗಿದ್ದರು.

"ಪುಟ್ಟಿ, ಮೂರಕ್ಕೆ ಹಾಕು," ಎಂದರು. ದನಿ ಸಣ್ಣಗಿತ್ತು, ಗಟ್ಟಿಯಾಗಿತ್ತು. "ಕ್ಲಚ್ ಪೂರ್ತಿ ಬಿಡು. ಇಂಜಿನ್ ಕಿರುಚಿದ್ರೆ ಕಿರುಚ್ಲಿ, ಅದೇ ಹಿಡಿಯೋದು."

ಹಾಕಿದೆ. ಇಂಜಿನ್ ಊಳಿಟ್ಟಿತು. ಗಾಡಿ ಒಮ್ಮೆ ಮುಗ್ಗರಿಸಿ, ವೇಗ ಸ್ವಲ್ಪ ತಗ್ಗಿತು.

"ರೀ! ಪಾಠ ಮಾಡೋಳು ನಾನಾ ನೀವಾ?" ಚಿಕ್ಕಮ್ಮ ಕೆರಳಿದಳು. "ಹೇಳ್ಕೊಡ್ಬೇಡಿ ಅವಳಿಗೆ. ಅದ್ಯಾಕ್ರೀ ನನ್ನ ಭುಜ ಹಿಡ್ಕೊಂಡಿದೀರ? ನೋಯುತ್ತೆ, ಬಿಡ್ರೀ!"

ಆಗ ಕಾರುಗಳಲ್ಲಿ ಬೆಲ್ಟು ಇರುತ್ತಿರಲಿಲ್ಲ. ಚಿಕ್ಕಪ್ಪ ಹಿಂದಿನಿಂದ ಎರಡೂ ತೋಳು ಚಾಚಿ ಹೆಂಡತಿಯನ್ನು ಸೀಟಿನ ಸಮೇತ ಅಪ್ಪಿ ಹಿಡಿದಿದ್ದರು. ಒಂದು ಮೊಣಕೈ ನೆಟ್ಟಗಾಗದ್ದು, ಹಳೆಯ ಮುರಿತ. ಅದನ್ನೂ ಬಿಗಿ ಹಿಡಿದಿದ್ದರು. ಬಿಡಲಿಲ್ಲ.

"ಈಗ ಎರಡಕ್ಕೆ. ಸರಿ. ಹ್ಯಾಂಡ್‌ಬ್ರೇಕ್ ಗುಂಡಿ ಒತ್ಕೊಂಡೇ ಎಳಿ. ಒಂದೇ ಸಲಕ್ಕಲ್ಲ, ಹಿಂದಿನ ಚಕ್ರ ಜಾರುತ್ತೆ. ಎಳಿ, ಬಿಡು. ಎಳಿ, ಬಿಡು."

"ಹಾಗ್ ಕಿತ್ರೆ ಕೇಬಲ್ಲು ನಿಮ್ಮಪ್ಪ ತಂದ್ಕೊಡ್ತಾನೇನೇ?" ಎಂದಳು ಚಿಕ್ಕಮ್ಮ.

ಸಂತೆಯ ಜನ ದೊಡ್ಡದಾಗುತ್ತ ಬಂದರು. ಒಬ್ಬಾಕೆ ಕೊಡೆ ಹಿಡಿದು ರಸ್ತೆ ದಾಟುತ್ತಿದ್ದಳು. "ಕಾರ್ಖಾನೆ ಗೇಟು ಕಾಣ್ತಿದ್ಯಾ?" ಎಂದರು ಚಿಕ್ಕಪ್ಪ. "ಅದರ ಮುಂದೆ ಏರು ಇದೆ. ಎಡಕ್ಕೆ ತಗೋ. ಚಕ್ರ ಕಲ್ಲಂಚಿಗೆ ಉಜ್ಜಿದ್ರೆ ಉಜ್ಲಿ, ಸ್ಟೀರಿಂಗ್ ಬಿಡ್ಬೇಡ. ನಾನಿದೀನಿ. ಒಂದಕ್ಕೆ ಹಾಕು, ಈಗ ಪೂರ್ತಿ ಎಳಿ!"

ಎಡಗಡೆಯ ಚಕ್ರಗಳು ರಸ್ತೆಯಂಚಿನ ಕಲ್ಲಿಗೆ ಕೀರೆಂದು ಉಜ್ಜಿಕೊಂಡು ಹೋದವು. ಮೂತಿ ಗೇಟಿನ ಏರಿಗೆ ಹತ್ತಿತು, ಗಾಡಿ ಗಡಗಡ ನಡುಗಿತು, ಇಂಜಿನ್ ಬಂದ್ ಆಯಿತು. ನಿಂತೆವು. ಕೊಡೆಯಾಕೆ ನಮ್ಮನ್ನೊಮ್ಮೆ ನೋಡಿ ಸೊಪ್ಪು ಕೊಳ್ಳಲು ಹೋದಳು.

ಚಿಕ್ಕಮ್ಮ ಕಾಲು ಕೆಳಗಿಳಿಸುತ್ತ, "ಪರವಾಗಿಲ್ಲ. ಹಾರ್ನ್ ಹೊಡೀಲಿಲ್ಲ, ಹೆಡ್‌ಲೈಟ್ ಹಾಕ್ಲಿಲ್ಲ, ಟೈರ್ ಹಾಳ್ಮಾಡಿದೆ. ಇವರು ಬೇರೆ ಕಾಪಿ ಹೊಡೆಸಿದ್ರು. ಆದ್ರೂ ಪಾಸು," ಎಂದಳು. "ನಡಿ, ಸ್ಟಾರ್ಟ್ ಮಾಡು."

ನನ್ನ ಕೈ ಸ್ಟೀರಿಂಗಿನಿಂದ ಬಿಟ್ಟು ಬರಲಿಲ್ಲ.

"ಎಲ್ಲಿಗೆ ನಡಿಯೋದು?" ಎಂದರು ಚಿಕ್ಕಪ್ಪ. "ನಿನ್ನ ಬ್ರೇಕ್ ಒತ್ತಿ ನೋಡು."

ಅವಳು ಒತ್ತಿದಳು. ಪೆಡಲ್ ನೆಲಕ್ಕೆ ಟಕ್ ಎಂದಿತು. ಇನ್ನೊಮ್ಮೆ ಒತ್ತಿದಳು. ಬಗ್ಗಿ ನೋಡಿ ಕೈಯಿಂದಲೂ ಒತ್ತಿದಳು. ಮುಖದ ರಕ್ತವೆಲ್ಲ ಇಳಿದುಹೋಯಿತು. ಮುಂದಿನ ಚಕ್ರದ ಬಳಿಯ ರಬ್ಬರ್ ಪೈಪು ಒಳಗೊಳಗೇ ಹಳತಾಗಿ ಅಂದೇ ಬಿರಿದಿತ್ತೆಂದು ಆಮೇಲೆ ಗೊತ್ತಾಯಿತು. ದಿನಾ ಬೆಳಿಗ್ಗೆ ಎಣ್ಣೆ ನೋಡುವ ಕಣ್ಣಿಗೆ ಅದು ಕಾಣುವಂಥದ್ದಲ್ಲ. ಆ ಗಳಿಗೆಯಲ್ಲಿ ಅವಳಿಗೆ ಪೈಪಿನ ಯೋಚನೆ ಇರಲಿಲ್ಲ. ಮೆಲ್ಲಗೆ ಹಿಂದಕ್ಕೆ ತಿರುಗಿದಳು.

"ನಿಮಗೆ ಗೊತ್ತಿತ್ತಾ?"

"ಪುಟ್ಟಿ ಎರಡನೇ ಸಲ ಒತ್ತಿದಾಗಲೇ ಗೊತ್ತಾಯ್ತು. ಆ ಶಬ್ದ ನಾನು ಮರೀತೀನಾ?"

"ಮತ್ತೆ ಹೇಳ್ಬಾರ್ದಾ ನಂಗೆ?"

"ಹೇಳಿದ್ರೆ ನೀನು ಕೂಗಾಡ್ತಿದ್ದೆ. ಮಗು ಕೈಬಿಡ್ತಿತ್ತು."

ಚಿಕ್ಕಮ್ಮ ಕಾರಿನಿಂದ ಇಳಿದಳು. ಚಿಕ್ಕಪ್ಪನೂ ಇಳಿದು ಅವಳ ಮುಂದೆ ಬಂದು ನಿಂತರು. ಅವಳು ಅವರನ್ನೇ ನೋಡುತ್ತಿದ್ದಳು. ಆಮೇಲೆ ಕೈಚೀಲ ಎತ್ತಿ ಅವರ ಎದೆಗೆ ಹೊಡೆದಳು. ಮತ್ತೆ ಹೊಡೆದಳು. ನನಗೆ ದಿಕ್ಕು ತೋಚದಂತಾಯಿತು.

"ಅವತ್ತು ಯಾಕ್ರೀ ಹಾರಿದ್ರಿ?" ಎಂದಳು. ದನಿ ಒಡೆದುಹೋಗಿತ್ತು. "ಯಾಕ್ರೀ? ನಾನು ಪಕ್ಕದಲ್ಲೇ ಇದ್ನಲ್ರೀ. ತಿರುಗಿದ್ರೆ ಸೀಟು ಖಾಲಿ!"

ಚಿಕ್ಕಪ್ಪ ಹೊಸ ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ಹೆದರಿಕೆ ಆಯ್ತು ಕಣೇ."

"ಅಷ್ಟೇನಾ?"

"ಅಷ್ಟೇ. ಯೋಚನೆ ಮಾಡಿ ಹಾರ್ಲಿಲ್ಲ. ಕಾಲಿಗೆ ನೆಲ ತಾಗಿದ ಮೇಲೆ ನೀನು ಒಳಗಿದೀಯ ಅಂತ ನೆನಪಾಯ್ತು."

"ಇವತ್ತು ಆಗ್ಲಿಲ್ವಾ ಹೆದರಿಕೆ?"

"ಆಯ್ತು. ಅವತ್ತಿಗಿಂತ ಜಾಸ್ತಿ ಆಯ್ತು."

ಚಿಕ್ಕಮ್ಮನ ಕೈಯಿಂದ ಚೀಲ ಜಾರಿತು. "ಇಷ್ಟು ಹೇಳೋಕೆ ಇಷ್ಟು ವರ್ಷ ಬೇಕಾಯ್ತೇನ್ರೀ ನಿಮಗೆ?"

"ನೀನು ಕೇಳ್ಲೇ ಇಲ್ವಲ್ಲೇ," ಎಂದರು ಚಿಕ್ಕಪ್ಪ. "ಇವತ್ತು ಕೇಳ್ತಾಳೆ, ನಾಳೆ ಕೇಳ್ತಾಳೆ ಅಂತ ದಿನಾ ಕಾಯ್ತಿದ್ದೆ. ಬೈದಿದ್ರೆ ಎಷ್ಟೋ ಹಗುರ ಆಗ್ತಿತ್ತು. ಕೇಳೋಷ್ಟೂ ಯೋಗ್ಯತೆ ನಂಗಿಲ್ಲ ಅಂತ ನೀನು ಬಿಟ್ಬಿಟ್ಟೆ ಅಂದ್ಕೊಂಡೆ."

ಚಿಕ್ಕಮ್ಮ ಗೇಟಿನ ಪಕ್ಕದ ಕಲ್ಲಂಚಿನ ಮೇಲೆ ಕುಸಿದು ಕೂತಳು, ಸೆರಗು ಬಾಯಿಗಿಟ್ಟುಕೊಂಡು ಅಳತೊಡಗಿದಳು. ಅಲ್ಲಿಯತನಕ ಅವಳು ಅತ್ತದ್ದನ್ನು ನಾನು ನೋಡಿರಲಿಲ್ಲ. "ನಾನು ನಿಮ್ಮ ಮರ್ಯಾದೆಗೆ ಅಂತ ಸುಮ್ನಿದ್ನಲ್ರೀ," ಎನ್ನುತ್ತಿದ್ದಳು. "ನಿಮ್ಮ ಮರ್ಯಾದೆಗೆ ಅಂತ." ಚಿಕ್ಕಪ್ಪ ಅವಳ ಪಕ್ಕದಲ್ಲಿ ಕೂತರು.

ನಾನು ಅಲ್ಲಿ ನಿಲ್ಲಬಾರದೆಂದು ಮೆಕ್ಯಾನಿಕ್ಕನ್ನು ಹುಡುಕಿಕೊಂಡು ಹೊರಟೆ. ಕಣ್ಣು ಒರೆಸಿಕೊಂಡಷ್ಟೂ ತುಂಬಿಕೊಳ್ಳುತ್ತಿತ್ತು. ಸಂತೆಯ ಹಿಂದಿನ ಗ್ಯಾರೇಜಿನಲ್ಲಿ ಊಟ ಮುಗಿಸಿ ಕಣ್ಣು ಮುಚ್ಚಿದ್ದವನನ್ನು ಎಬ್ಬಿಸಿ, ಬೇಡಿಕೊಂಡು, ಕರೆದುಕೊಂಡು ಬಂದೆ. ಆಮೇಲೆಯೂ ಚಿಕ್ಕಪ್ಪ ಕಾರು ಓಡಿಸಲಿಲ್ಲ. ಯಾರೂ ಓಡಿಸಿ ಎನ್ನಲೂ ಇಲ್ಲ. ಈಗ ಇಬ್ಬರೂ ಇಲ್ಲ. ಆ ಕೋಣೆಗಳಲ್ಲಿ ಬೇರೆ ಯಾರೋ ಮೊಬೈಲ್ ಮಾರುತ್ತಾರೆ. ಆದರೆ ಅವರಿಬ್ಬರನ್ನು ನೆನೆದಾಗಲೆಲ್ಲ ನನಗೆ ಕಾಣುವುದು ಆ ಮಧ್ಯಾಹ್ನ ಮೆಕ್ಯಾನಿಕ್ ಜೊತೆ ಹಿಂತಿರುಗಿದಾಗ ಕಂಡ ಹಾಗೆಯೇ.

ದೂರದಿಂದಲೇ ಕೇಳಿಸುತ್ತಿತ್ತು. ಕಾರಿನ ನೆರಳಿನಲ್ಲಿ ಕಲ್ಲಂಚಿನ ಮೇಲೆ ಕೂತು ಇಬ್ಬರೂ ಏರುದನಿಯಲ್ಲಿ, ಒಬ್ಬರ ಮಾತನ್ನೊಬ್ಬರು ತಡೆದು ತಡೆದು ಆಡುತ್ತಿದ್ದರು. ಗುಡ್ಡ, ಕೆರೆ, ಬಡಿದುಕೊಳ್ಳುತ್ತಿದ್ದ ಬಾಗಿಲು, ಮರಳಿನ ರಾಶಿ. "ನೀವು ಹಿಂದೆ ಓಡಿ ಬರ್ತಿದ್ದು ನಂಗೆ ಕೇಳಿಸ್ತಿತ್ರೀ!" ಎಂದು ಚಿಕ್ಕಮ್ಮ ಕೂಗುತ್ತಿದ್ದಳು. "ಕೇಳಿಸ್ತಿತ್ತಾ? ಮತ್ತೆ ಹೇಳ್ಬಾರ್ದಿತ್ತೇನೇ?" ಎಂದು ಚಿಕ್ಕಪ್ಪ ಅದಕ್ಕಿಂತ ಜೋರಾಗಿ ಕೂಗುತ್ತಿದ್ದರು.

ಮೆಕ್ಯಾನಿಕ್ ಹಿಂಜರಿದು ನಿಂತ. "ಏನಮ್ಮ, ಗಂಡ ಹೆಂಡ್ತಿ ಜಗಳನಾ?"

"ಅಲ್ಲ," ಎಂದೆ. "ಸ್ವಲ್ಪ ಇಲ್ಲೇ ನಿಂತಿರಿ. ಮಾತಾಡ್ತಿದಾರೆ."